ನಗುವ ಮುಖದ ಮೇಲೆ ಬೆರಳು

ಮಕ್ಕಳ ಆರೋಗ್ಯ, ಬದುಕಿನ ಗುಣಮಟ್ಟ ಅಳೆಯುವ ಕೆಲಸಕ್ಕೆ ನನ್ನನ್ನು ಕೊಪ್ಪಳದ ಹತ್ತಿರದ ಕಾರ್ಖಾನೆಗಳ ಊರು ಗಿಣಿಗೇರಾಕ್ಕೆ ಕಳಿಸಿದ್ದರು. ಕೈಗೊಂದು ಕಾರ್ಡು ಕೊಟ್ಟಿದ್ದರು. ಅದರ ಮೇಲೆ ಒಂದು ನಗುವ ಮುಖ, ಒಂದು ಅಳುವ ಮುಖ, ನಡುವೆ ಎತ್ತಲೂ ಸೇರದ ಇನ್ನೊಂದು. ಮಗು ಬೆರಳಿಟ್ಟರೆ ಸಾಕು, ವಿಜ್ಞಾನ ಮುಗಿಯಿತು. ಕಾರ್ಡು ಮಾಡಿದವರಿಗೆ ನಮ್ಮ ತಾಯಂದಿರು ಗೊತ್ತಿರಲಿಲ್ಲ, ಪಾಪ.

ಮೊದಲ ಮನೆಯಲ್ಲಿ ಗುಂಡುಕಲ್ಲಿನಂಥ ಹುಡುಗನೊಬ್ಬ ರೊಟ್ಟಿ ಮುರಿಯುತ್ತಿದ್ದ. 'ಮಗ ಹೆಂಗ ಅದಾನ್ರಿ?' ಎಂದೆ. ದೃಷ್ಟಿಯಾದೀತೆಂದು ತಾಯಿ ಅವನ ತಟ್ಟೆಗೆ ಸೆರಗು ಅಡ್ಡ ಹಿಡಿದು, 'ಎಲ್ಲಿ ಛಲೋರಿ, ಒಂದು ತುತ್ತು ಇಳಿಯಂಗಿಲ್ಲ' ಎಂದಳು. ಹುಡುಗ ಬಾಯಿ ತುಂಬಿಕೊಂಡೇ ಕಾರ್ಡಿನ ಅಳುವ ಮುಖ ತೋರಿಸಿದ.

ಅವನ ಅಕ್ಕ ಕಾರ್ಖಾನೆಯ ಕರಿ ಧೂಳು ಕೂತ ಹೊಸ್ತಿಲ ಬಳಿ ಉಸಿರಿಗಾಗಿ ಒದ್ದಾಡುತ್ತಿದ್ದಳು. 'ಇಕಿ?' ಎಂದೆ.

'ಇಕಿಗೇನಾಗೈತ್ರಿ? ಗಟ್ಟಿ ಅದಾಳ. ನಾಳೆ ಕನ್ಯಾ ನೋಡಾಕ ಬಂದೋರ ಕಿವಿಗೆ ಜಡ್ಡಿನ ಮಾತು ಬೀಳಬಾರದು, ನೋಡ್ರಿ.'

ಹುಡುಗಿ ಕಾರ್ಡು ನೋಡಲಿಲ್ಲ. ಅವ್ವನ ಮುಖ ನೋಡಿ, ನಗುವ ಮುಖದ ಮೇಲೆ ಬೆರಳಿಟ್ಟಳು.

ಊರ ತುಂಬ ಇದೇ ಕಥೆ: ಗಂಡುಮಕ್ಕಳದು ಅಳುವ ಮುಖ, ಹೆಣ್ಣುಮಕ್ಕಳದು ನಗುವ ಮುಖ. ಕೊಪ್ಪಳದ ಸಭೆಯಲ್ಲಿ ಅಂಕಿ ನೋಡಿ, ನನ್ನನ್ನು ಕಳಿಸಿದ್ದ ಸಾಹೇಬರಿಗೆ ಖುಷಿಯೋ ಖುಷಿ. ಇಲ್ಲಿಯ ಹೆಣ್ಣುಮಕ್ಕಳ ಆರೋಗ್ಯ ನೋಡಿ ಇಡೀ ರಾಜ್ಯ ಕಲಿಯಬೇಕಂತೆ! ನಾನು ಉಬ್ಬಸದ ಹುಡುಗಿಯ ಮಾತೆತ್ತಿದೆ. 'ಅಂಕಿಗಿಂತ ನಿಮ್ಮ ಕಣ್ಣು ದೊಡ್ಡವೇನ್ರಿ?' ಎಂದರು.

ಕೆಲ ದಿನಗಳಲ್ಲೇ ಊರಿಗೆ ಟಾನಿಕ್ ಬಂತು, ಗಂಡುಮಕ್ಕಳಿಗೆ ಮಾತ್ರ. ಆ ಹುಡುಗನ ಪಾಲಿನ ಬಾಟಲಿ ಒಯ್ಯಲು ಅವನ ಅಕ್ಕ ಬಂದಿದ್ದಳು, ದಾರಿಯುದ್ದಕ್ಕೂ ಉಸಿರಿಗಾಗಿ ನಿಂತು ನಿಂತು.