ಕಾಕಾರ ಹೆಬ್ಬೆರಳಿನ ತಪ್ಪಲ್ಲ

ಮುಂಜಾನೆ ಏಳೂಕಾಲಿಗೆ ನಾನು ಕಾಕಾರಿಗೆ, ನನ್ನ ಅಪ್ಪನ ತಮ್ಮನಿಗೆ, ಸುಳ್ಳು ಹೇಳಿದೆ. ಗಾಡಿ ಸರಿ ಇದೆ ಎಂದೆ. ಸರಿ ಇಲ್ಲವೆಂದು ಗೊತ್ತಿದ್ದೇ ಹೇಳಿದೆ — ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ಮುಂದಿನ ಮಾತೆಲ್ಲ ನೆಪವಾಗುತ್ತದೆ.

ಮಿರಜದ ಹತ್ತಿರ ಬೇಡಗದಲ್ಲಿ ನಮ್ಮದು ದ್ರಾಕ್ಷಿ ತೋಟ. ಸಾಲುಗಳ ನಡುವೆ ನುಸುಳಿ ಬೂದಿ ರೋಗಕ್ಕೆ ಗಂಧಕದ ಪುಡಿ ಹೊಡೆಯಲು ಕುಪವಾಡದ ವರ್ಕ್‌ಶಾಪಿನಲ್ಲಿ ಮಾಡಿಸಿದ ನಾಲ್ಕು ಗಾಲಿಯ ಸಣ್ಣ ಗಾಡಿಯಿತ್ತು. ಎಕ್ಸಿಲರೇಟರ್ ಹೆಬ್ಬೆರಳಿನಿಂದ ಒತ್ತುವಂಥದ್ದು. ಪುಡಿ ಏರ್ ಫಿಲ್ಟರಿನ ಸ್ಪಂಜಿಗೆ ಮೆತ್ತಿ ಎಂಜಿನ್ ಉಸಿರುಗಟ್ಟುತ್ತದೆಂದು, ಪುಡಿ ಹೊಡೆಯುವ ದಿನ ಸ್ಪಂಜನ್ನೇ ತೆಗೆದು ಓಡಿಸುವುದು ನಮ್ಮ ಕಡೆಯ ರೂಢಿ. ನಾನೂ ತೆಗೆದು, ತೊಳೆದು, ತಂತಿಯ ಮೇಲೆ ಹಾಕಿದ್ದೆ. ಸಾಂಗಲಿಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವನು ನಾನು — ಆದರೂ.

ಒಂದು ಸುತ್ತು ಹೊಡೆದು ಬಂದ ಕಾಕಾ ಅಂದರು: "ಬೆರಳ ಬಿಟ್ಟರೂ ಓಡಾಕ ಹತ್ತೈತೋ ಇದು."

ಚೋಕ್ ಅರ್ಧ ಎಳೆದು ಗಾಳಿ ತಡೆದೆ, ಎಂಜಿನ್ ಸಮಾಧಾನವಾಯಿತು. ಚೋಕ್ ಒಳಗೆ ದೂಡಿದೆ, ಎಂಜಿನ್ ಮತ್ತೆ ತಾನಾಗಿ ಏರಿತು, ಸೈಲೆನ್ಸರಿನಲ್ಲಿ ಪಟಪಟ. ಪ್ಲಗ್ ಬಿಚ್ಚಿದರೆ ಚಹಾದ ಬಣ್ಣವಿರಬೇಕಾದ ತುದಿ ಸುಣ್ಣದಂತೆ ಬೆಳ್ಳಗೆ. ಸ್ಪಂಜಿಲ್ಲದೆ ಕಾರ್ಬೊರೇಟರಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ; ಅದಕ್ಕೇ ಬೆರಳು ಬಿಟ್ಟರೂ ಓಟ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಸ್ಪಂಜು ಒಣಗುವವರೆಗೆ ಕಾಯಬೇಕಿತ್ತು. ಆದರೆ ಬಿಸಿಲೇರಿ ಗಾಳಿ ಎದ್ದರೆ ಎಲೆಯ ಮೇಲೆ ಪುಡಿ ನಿಲ್ಲದು. ಅಲ್ಲದೆ, ತಪ್ಪು ನನ್ನದೆಂದು ಕಾಕಾರ ಮುಂದೆ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಸ್ಕ್ರೂ ತಿರುವಿ ಐಡಲ್, ಅಂದರೆ ಬೆರಳು ಒತ್ತದಿದ್ದಾಗಿನ ಓಟ, ಇಳಿಸಿದೆ. ಶಬ್ದ ಮಾತ್ರ ಇಳಿಯಿತು.

"ಸೆಟಿಂಗ್ ಅಷ್ಟೇ ಕಾಕಾ. ಆತು, ಹೋಗ್ರಿ."

ಸಾಲಿನ ತುದಿಯಲ್ಲಿ ಗೊಂಚಲು ತಿದ್ದುತ್ತಿದ್ದ ಸಾವಿತ್ರವ್ವ, ಅಥಣಿ ಕಡೆಯಿಂದ ಕೂಲಿಗೆ ಬಂದವಳು, ಎಂದಿನಂತೆ ಛೇಡಿಸಿದಳು: "ದ್ರಾಕ್ಷಿಗಿ ಹೊಡೀರಿ ಕಾಕಾ, ನನಗೇನ ಬೂದಿ ರೋಗ ಬಂದಿಲ್ಲ." ಕಾಕಾ ನಕ್ಕರು. ತಿರುವಿನಲ್ಲಿ ಬೆರಳು ಬಿಟ್ಟರು — ನಾನು ಕಂಡೆ, ಬೆರಳು ಮೇಲೆದ್ದಿತ್ತು. ಎಂಜಿನ್ ಇಳಿಯಲಿಲ್ಲ. ಬ್ರೇಕ್ ಹಿಡಿದರು, ಹಸಿ ಮಣ್ಣಿನಲ್ಲಿ ಗಾಲಿ ಜಾರಿತು. ಗಾಡಿ ಅವಳನ್ನು ಕಲ್ಲಿನ ಕಂಬಕ್ಕೆ ಒತ್ತಿ ನಿಂತಿತು.

ಮಿರಜದ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ರಾಡ್ ಹಾಕಿದರು. ಕೂಲಿ ಬಿಟ್ಟು ಊರಿಗೆ ಮರಳಿದಳು, ಇಂದಿಗೂ ಕುಂಟುತ್ತಾಳೆ. ಹೊರಗೆ ಬೆಂಚಿನ ಮೇಲೆ ಕಾಕಾ ತಮ್ಮ ಹೆಬ್ಬೆರಳನ್ನೇ ನೋಡುತ್ತ ಅಂದರು: "ಗಾಬರ್ಯಾಗ ಒತ್ತೇ ಹಿಡದಿರಬೇಕು ನಾನು. ವಯಸ್ಸಾತು."

ಅವರ ಮಾತನ್ನು ನಾನು ತಿದ್ದಲಿಲ್ಲ. ಅಷ್ಟೇ ಅಲ್ಲ — ಗಾಡಿ ನೋಡಲು ಮೇಸ್ತ್ರಿ ಬರುವ ಮೊದಲೇ ಸ್ಪಂಜು ಕೂಡಿಸಿ, ಪ್ಲಗ್ ಬದಲಿಸಿದ್ದೆ. ಅವನಿಗೆ ಏನೂ ಸಿಗಲಿಲ್ಲ.

ದ್ರಾಕ್ಷಿ ಬಳ್ಳಿ ಸವರುವುದರಲ್ಲಿ ಹೆಸರಾದ ಕೈ ಅದು. ಕಾಕಾ ಕತ್ತರಿ ಹಿಡಿಯುವುದನ್ನೇ ಬಿಟ್ಟರು. ರಾತ್ರಿಯೆಲ್ಲ ಬೆರಳು ಮಡಚುತ್ತಾರೆ, ಬಿಡುತ್ತಾರೆ ಎಂದು ಕಾಕು, ಅವರ ಹೆಂಡತಿ, ಹೇಳುತ್ತಿದ್ದರು. ನನಗೋ, ಕಣ್ಣು ಮುಚ್ಚಿದರೆ ಆ ಮೇಲೆದ್ದ ಬೆರಳು. ಅದನ್ನು ಕಂಡವನು ನಾನೊಬ್ಬನೇ.

ಈ ವರ್ಷ ಬಳ್ಳಿ ಸವರುವ ಹಂಗಾಮಿನಲ್ಲಿ ಅವರು ತೋಟವನ್ನು ಬೇರೆಯವರಿಗೆ ಒಪ್ಪಿಸುವ ಮಾತೆತ್ತಿದರು. ತಮ್ಮ ಕೈಯ ಮೇಲೆ ತಮಗೇ ಭರವಸೆ ಇಲ್ಲ ಎಂದರು. ಆಗ ಹೇಳಿದೆ, ಎಲ್ಲವನ್ನೂ. ಅವರು ಬೈಯಲಿಲ್ಲ. ಹೆಬ್ಬೆರಳನ್ನು ಒಮ್ಮೆ ಮಡಚಿ, ಬಿಟ್ಟರು. ಆಮೇಲೆ ಕೇಳಿದ್ದು ಒಂದೇ:

"ಅಕೀಗೆ ಹೇಳಿದೇನು?"

ಹೇಳಿರಲಿಲ್ಲ. ಇಷ್ಟು ವರ್ಷದ ನನ್ನ ಸಂಕಟದಲ್ಲಿ ಕಾಕಾ ಇದ್ದರು, ನಾನಿದ್ದೆ. ಸಾವಿತ್ರವ್ವ — ಹೇಗೆ ಬರೆಯಲಿ — ಇರಲೇ ಇಲ್ಲ.

ಅಂದು ರಾತ್ರಿ ಕಾಕಾ ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದರೆಂದು ಮರುದಿನ ಕಾಕು ಫೋನ್ ಮಾಡಿ ತಿಳಿಸಿದರು. ನಾನಾಗ ಮಿರಜ ಸ್ಟ್ಯಾಂಡಿನಲ್ಲಿ ಅಥಣಿ ಬಸ್ಸಿಗಾಗಿ ನಿಂತಿದ್ದೆ.