ಮಡಚಿದ ಗ್ರಾಫ್ ಹಾಳೆ

"ಪರೀಕ್ಷೇಲಿ ಲೆಕ್ಕ ಬತ್ತಿತ್ತು ಕಣವ್ವ, ಬರ್ನಿಲ್ಲ ಅಂತಲ್ಲ. ಎಕ್ಸ್‌ನೂ ವೈನೂ ಕೂಡಿದ್ರೆ ಒಂದು ಬರ್ಬೇಕು, ಅಷ್ಟೇಯ. ಎಕ್ಸ್ ಸೊನ್ನೆ ಆದ್ರೆ ವೈ ಒಂದು. ಎಕ್ಸ್ ಎರಡಾದ್ರೆ ವೈ ಮೈನಸ್ ಒಂದು. ಎಕ್ಸ್ ಮೈನಸ್ ಒಂದಾದ್ರೆ ವೈ ಎರಡು. ಮೂರೂ ಸರಿಯಾಗೇ ಬರ್ದೆ. ಗ್ರಾಫ್ ಹಾಳೆ ಮೇಲೆ ನಡುಮಧ್ಯೆ ಉದ್ದಕ್ಕೆ ಗೆರೆ ಎಳ್ದೆ ನೋಡು, ಅಲ್ಲಿಂದ ಕೈ ನನ್ ಮಾತು ಕೇಳ್ನಿಲ್ಲ. ಹದಿನೆಂಟು ವರ್ಸದಿಂದ ಬ್ಲೌಸ್ ಪೀಸ್ ಮಡಚಿ, ಮಡಿಕೆಯಿಂದ ಒಂದೇ ಕಡೆಗೆ ಗುರ್ತು ಹಾಕಿರೋ ಕೈ ಅಲ್ವಾ? ಅರ್ಧ ಕತ್ತರಿಸಿದ್ರೆ ಇನ್ನರ್ಧ ತಾನೇ ಬತ್ತದೆ. ಎಡಗಡೆ ಹಾಕ್ಬೇಕಾದ ಮೈನಸ್ ಒಂದನ್ನೂ ಬಲಗಡೆಗೇ ಹಾಕ್ಬುಟ್ಟೆ."

ಅಜೀಜಾ ಹೊಲಿಗೆ ಮೆಷಿನ್ ಮುಂದೆ ಕೂತು ಇದನ್ನು ಹೇಳುತ್ತಿದ್ದರೆ, ಪಕ್ಕದ ಮನೆಯ ದೊಡ್ಡಮಲ್ಲಮ್ಮ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದರು.

"ಚುಕ್ಕಿ ಸಾಲಿಗೆ ಬಂದ್ವೇನಮ್ಮಿ?"

"ಎಲ್ಲಿ ಬತ್ತವೆ? ಏರಿ ಇಳ್ದವು. ಕಂಕುಳ ಶೇಪ್ ತೆಗ್ದಂಗೆ ಬಳಸಿ ಸೇರಿಸ್ಬುಟ್ಟೆ."

"ಪೇಪರ್ ತಿದ್ದಿದೋರು ತೋಳೆಲ್ಲಿ ಅಂತ ಹುಡುಕಿರ್ಬೇಕು ಕಣಮ್ಮಿ!"

ಇಬ್ಬರೂ ನಕ್ಕರು. ಅಜೀಜಾಳ ನಗೆ ಬೇಗ ನಿಂತಿತು. ಪಾಸಾಗಲು ಮೂವತ್ತೈದು ಬೇಕು, ಬಂದದ್ದು ಮೂವತ್ತಮೂರು. ಗ್ರಾಫಿಗೇ ನಾಲ್ಕು ಅಂಕವಿತ್ತು.

ಹದಿನಾರಕ್ಕೆ ಹತ್ತನೇ ತರಗತಿಯ ಗಣಿತವೊಂದರಲ್ಲಿ ಫೇಲಾಗಿ ಮೆಷಿನ್‌ಗೆ ಕೂತವಳು ಅವಳು. ಕತ್ತು ಬಗ್ಗಿಸಿ ಬಗ್ಗಿಸಿ ಈಗ ಬಲಗೈ ಬೆರಳು ಜೋಮು ಹಿಡಿಯುತ್ತವೆ. ಈ ಕೆಲಸ ಬಿಡದಿದ್ದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಗುಂಡ್ಲುಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಹೊಲಿಗೆ ಟೀಚರ್ ಬೇಕಿತ್ತು. ನಿಂತುಕೊಂಡು ಹೇಳಿಕೊಟ್ಟರೆ ಸಾಕು. ಆದರೆ ಹತ್ತನೇ ತರಗತಿ ಪಾಸಾಗಿರಬೇಕು, ಮೂವತ್ತೈದು ವರ್ಷ ತುಂಬಿರಬಾರದು. ಬರುವ ತಿಂಗಳು ಅವಳಿಗೆ ಮೂವತ್ತೈದು ತುಂಬುತ್ತದೆ.

ದೊಡ್ಡಮಲ್ಲಮ್ಮನ ಸೊಸೆ ರೂಪಶ್ರೀ ಹೈಸ್ಕೂಲ್ ಟೀಚರ್. ಈ ಸಲದ ಪರೀಕ್ಷೆಗೆ ಆರು ತಿಂಗಳು ಸಂಜೆ ಸಂಜೆ ಬಂದು ಕಲಿಸಿದ್ದಳು. "ಅಜೀಜಕ್ಕ, ಬಟ್ಟೆ ಮಡಚಿಲ್ಲ, ಬಿಚ್ಚಿ ಹಾಸಿದೀನಿ ಅಂದ್ಕೊಳ್ಳಿ" ಎಂದು ಎಷ್ಟು ಸಲ ಹೇಳಿದ್ದಳೋ. ಮನೆಯಲ್ಲಿ ಗೆರೆ ನೆಟ್ಟಗೇ ಬರುತ್ತಿತ್ತು.

"ಇನ್ನೊಂದ್ಸಲ ಪರೀಕ್ಷೆ ಕಟ್ಬುಡು. ನಮ್ ರೂಪ ಹೇಳ್ಕೊಡ್ತಾಳೆ," ಎಂದರು ದೊಡ್ಡಮಲ್ಲಮ್ಮ.

"ಪಾಸಾದ್ರೂ ಆಗ್ಬೋದು. ವಯಸ್ಸು ಕಾಯ್ತದಾ ಅವ್ವ?"

ದೊಡ್ಡಮಲ್ಲಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ಹರದನಹಳ್ಳಿಯ ಗಿರಾಕಿಗಳು ಸಂಜೆ ಬಸ್ಸಿಗೆ ಬರುವವರಿದ್ದರು, ಅವರ ಬ್ಲೌಸ್ ಪೀಸ್‌ಗೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಅಜೀಜಾ ಬೆರಳು ಕೊಡವಿಕೊಂಡಳು, ಸೀಮೆಸುಣ್ಣ ಎರಡು ಸಲ ಜಾರಿತು. ಬಟ್ಟೆಯನ್ನು ಎರಡಾಗಿ ಮಡಚಿ, ಅಂಗೈಯಿಂದ ಒತ್ತಿ, ಮಡಿಕೆಯಿಂದ ಬಲಕ್ಕೆ ಒಂಬತ್ತು ಇಂಚು ಅಳೆದು ಗುರುತು ಹಾಕಿದಳು.