ಸರಿ ಉತ್ತರ ಕೇಳಿ ಹೆದರಿದ ದಿನ

2023ರಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯ ನ್ಯೂರೋ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಆಟೋಟದ ಗಂಧಗಾಳಿ ನನಗಿರಲಿಲ್ಲ. ಚೆಂಡು ಎಂದರೆ ಮೊಮ್ಮಗಳು ಸೋಫಾದ ಕೆಳಗೆ ತೂರಿಸಿ, ಆಮೇಲೆ ನನ್ನ ಕೈಯಲ್ಲಿ ತೆಗೆಸುವ ವಸ್ತು, ಅಷ್ಟೇ. ಅಂಥ ನನಗೆ ಇಟಲಿಯ ಒಂದು ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಇವತ್ತಿಗೂ ಬಾಯಿಪಾಠವಾಗಿದೆ.

ಅದು ಫೆಬ್ರವರಿಯ ಒಂದು ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ನಿಟ್ಟೂರಿನ ಬೈಕ್ ಮೆಕ್ಯಾನಿಕ್ ರವಿಯನ್ನು ಕರೆತಂದರು. ವಯಸ್ಸು ನಲವತ್ತೊಂದು. ರಿಪೇರಿ ಮಾಡಿದ ಗಾಡಿಯನ್ನು ಪರೀಕ್ಷೆ ಮಾಡಲು ಗುಬ್ಬಿ ರಸ್ತೆಯಲ್ಲಿ ಓಡಿಸಿ, ಹೆಲ್ಮೆಟ್ ಇಲ್ಲದೆ ಬಿದ್ದಿದ್ದ. ಸಿಟಿ ಸ್ಕ್ಯಾನ್‌ನಲ್ಲಿ ತಲೆಬುರುಡೆಯ ಒಳಗೆ, ಬಲಗಡೆ, ತೆಳುವಾಗಿ ರಕ್ತ ಕಾಣಿಸಿತು. ಈಗಲೇ ಆಪರೇಷನ್ ಬೇಡ, ಗಂಟೆಗೊಮ್ಮೆ ನೋಡಿ, ಸಂಜೆ ಏಳಕ್ಕೆ ಮತ್ತೆ ಸ್ಕ್ಯಾನ್ ಮಾಡೋಣ ಎಂದು ಸರ್ಜನ್ ಹೇಳಿ ಹೋದರು. ಇಂಥ ರಕ್ತ ತಾನಾಗಿ ನಿಲ್ಲಬಹುದು, ಇಲ್ಲವೇ ಸದ್ದಿಲ್ಲದೆ ಹೆಚ್ಚಿ ಮೆದುಳನ್ನು ಒತ್ತಬಹುದು. ಒತ್ತಿದ ಮೇಲೆ ತಡವಾದರೆ ಮನುಷ್ಯ ಉಳಿಯುವುದಿಲ್ಲ.

ಗಂಟೆಗೊಮ್ಮೆ ನೋಡುವುದಕ್ಕೆ ಜಿಸಿಎಸ್ ಎಂಬ ಲೆಕ್ಕವಿದೆ. ಕಣ್ಣು ತೆರೆಯುವುದಕ್ಕೆ ನಾಲ್ಕು ಅಂಕ, ಮಾತಿಗೆ ಐದು, ಕೈಕಾಲು ಆಡಿಸುವುದಕ್ಕೆ ಆರು, ಒಟ್ಟು ಹದಿನೈದು. ಮಾತಿನ ಅಂಕ ಹಾಕಲು ನಿಮ್ಮ ಹೆಸರೇನು, ಎಲ್ಲಿದ್ದೀರಿ, ಯಾವ ತಿಂಗಳು ಎಂದು ಕೇಳುತ್ತೇವೆ. ಗಂಟೆಗೊಮ್ಮೆ ಅದನ್ನೇ ಕೇಳಿದರೆ ರೋಗಿ ಮಗ್ಗಿಯಂತೆ ಒಪ್ಪಿಸಿಬಿಡುತ್ತಾನೆ. ಹಿಂದೊಮ್ಮೆ ಕಡಬದ ಕಡೆಯ ಒಬ್ಬ ಯಜಮಾನರು ಹಾಗೆ ಒಪ್ಪಿಸುತ್ತಲೇ ಇದ್ದರು, ನಾನು ಹದಿನೈದು, ಹದಿನೈದು ಎಂದು ಬರೆಯುತ್ತಲೇ ಇದ್ದೆ. ಅವರು ಉಳಿಯಲಿಲ್ಲ. ಅವತ್ತಿನಿಂದ ಪ್ರತಿ ರೋಗಿಗೂ ಅವರವರ ಮನಸ್ಸಿಗೆ ಹತ್ತಿರವಾದ ಒಂದು ಪ್ರಶ್ನೆಯನ್ನು ಮನೆಯವರಿಂದ ಕೇಳಿ ಇಟ್ಟುಕೊಳ್ಳುತ್ತೇನೆ.

ರವಿಯ ಹೆಂಡತಿ ಶಾರದಮ್ಮನನ್ನು ಕೇಳಿದೆ.

"ಅವರ್ಗೆ ಮದ್ವೆ ತಾರೀಕೇ ಮರ್ತೋಯ್ತದೆ ಸಿಸ್ಟರ್. ಇಟ್ಲಿ ಫುಟ್‌ಬಾಲ್ ಕೇಳಿ, ನಿದ್ದೇಲೂ ಹೇಳ್ತರೆ. ಅಂಗ್ಡಿ ಶಟರ್‌ಗೂ ಅದೇ ಕಪ್ಪು-ಬಿಳಿ ಪಟ್ಟೆ ಬಳ್ಸವ್ರೆ!"

ಹನ್ನೊಂದಕ್ಕೆ ಕೇಳಿದೆ: ನಿಮ್ಮ ಕ್ಲಬ್ಬು ಇಟಲಿಯ ಲೀಗ್ ಎಷ್ಟು ಸಲ ಗೆದ್ದಿದೆ?

"ಮೂವತ್ತೆಂಟು," ಎಂದ. ಅಷ್ಟಕ್ಕೆ ಬಿಡಲಿಲ್ಲ. 1897ರಲ್ಲಿ ಶಾಲೆಯ ಹುಡುಗರು ಸೇರಿ ಕಟ್ಟಿದ ಕ್ಲಬ್ಬಂತೆ. ಮೊದಲು ಗುಲಾಬಿ ಬಣ್ಣದ ಅಂಗಿಯಂತೆ, ಆಮೇಲೆ ಇಂಗ್ಲೆಂಡಿನಿಂದ ಕಪ್ಪು-ಬಿಳಿ ಪಟ್ಟೆಯದು ಬಂತಂತೆ. ಯುರೋಪಿನ ದೊಡ್ಡ ಕಪ್ ಎರಡು ಸಲ, ತನ್ನ ದೇಶದ ಲೀಗ್ ಸತತ ಒಂಬತ್ತು ವರ್ಷ. ಸಾಕು ಮಾರಾಯ ಎನ್ನುವವರೆಗೂ ಹೇಳಿದ. ನಾನು ಖುಷಿಯಿಂದ ಹದಿನೈದು ಬರೆದೆ.

ಹನ್ನೆರಡಕ್ಕೂ ಮೂವತ್ತೆಂಟು. ಒಂದಕ್ಕೆ ನನ್ನ ಜೊತೆಗಿದ್ದ ಹೊಸ ನರ್ಸ್ ದಿವ್ಯಾ ಮೊಬೈಲ್ ತೆರೆದು ನೋಡಿ, "ಮೇಡಂ, ಇವ್ರು ತಪ್ಪು ಹೇಳ್ತಿದಾರೆ. ಮೂವತ್ತಾರು ಅಂತಿದೆ," ಎಂದಳು. ಬೆಳಿಗ್ಗೆಯಿಂದ ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಹಾಕಿದ್ದೆನೇ? ಡ್ಯೂಟಿ ಡಾಕ್ಟರನ್ನು ಕರೆಯಲು ಫೋನ್ ಎತ್ತಿದ್ದೆ. ಅಷ್ಟರಲ್ಲಿ ರವಿ ತಲೆಯ ಬ್ಯಾಂಡೇಜ್ ಸಮೇತ ಏಳಲು ಹೊರಟ.

"ಏನಮ್ಮ, ಮೂವತ್ತಾರಾ? ಆ ಎರಡು ಆಫೀಸ್ನೋರು ಕಿತ್ಕೊಂಡಿದ್ದು ಕಣಮ್ಮ! ಫೀಲ್ಡಲ್ಲಿ ಗೆದ್ದಿದ್ದು ಗೆದ್ದಿದ್ದೇ. ನಮ್ ಪ್ರಕಾರ ಮೂವತ್ತೆಂಟು. ಮೂವತ್ತಾರು ಅನ್ನೋನು ನಮ್ಮೋನೇ ಅಲ್ಲ!"

ಆ ಕತೆಯನ್ನೂ ಕೇಳಬೇಕಾಯಿತು. ರೆಫರಿಗಳ ನೇಮಕದಲ್ಲಿ ಕೈಯಾಡಿಸಿದರೆಂದು 2006ರಲ್ಲಿ ಕ್ಲಬ್ಬಿನ ಎರಡು ಪ್ರಶಸ್ತಿಗಳನ್ನು ರದ್ದು ಮಾಡಿ, ಎರಡನೇ ದರ್ಜೆಗೆ ತಳ್ಳಿದರಂತೆ. ಒಂದೇ ವರ್ಷದಲ್ಲಿ ಮೇಲೆ ಬಂದರಂತೆ. ದಾಖಲೆಯ ಪ್ರಕಾರ ಮೂವತ್ತಾರು, ಅಭಿಮಾನಿಗಳ ಪ್ರಕಾರ ಮೂವತ್ತೆಂಟು. ಯಾರು ಸರಿ ಎಂಬುದು ನನಗೆ ಬೇಕಿರಲಿಲ್ಲ. ಈ ಪಾಟಿ ಜಗಳವಾಡುವವನ ಮೆದುಳು ಚೆನ್ನಾಗಿದೆ ಎಂಬುದಷ್ಟೇ ಸಾಕಿತ್ತು. ಎರಡಕ್ಕೂ ಮೂರಕ್ಕೂ ಉತ್ತರ ಬದಲಾಗಲಿಲ್ಲ, ಮೂರಕ್ಕೆ ಸ್ವಲ್ಪ ತಲೆನೋವು ಎಂದ.

ನಾಲ್ಕಕ್ಕೆ ಡ್ಯೂಟಿ ಡಾಕ್ಟರೂ ರೌಂಡ್ಸಿಗೆ ಬಂದಿದ್ದರು. ರವಿ ಕರೆದ ಕೂಡಲೇ ಕಣ್ಣು ಬಿಟ್ಟ. ಹೆಸರು ಹೇಳಿದ, ತುಮಕೂರು ಎಂದ, ಫೆಬ್ರವರಿ ಎಂದ. ದಿವ್ಯಾ ಎಷ್ಟು ಪ್ರಶಸ್ತಿ ಎಂದು ಕೇಳಿದಳು.

"ಮೂವತ್ತಾರು," ಎಂದ ಮೆಲ್ಲಗೆ.

"ನೋಡಿ ಮೇಡಂ, ಕೊನೆಗೂ ಒಪ್ಕೊಂಡ್ರು!" ಎಂದು ದಿವ್ಯಾ ನಕ್ಕಳು. ಡಾಕ್ಟರೂ ನಕ್ಕರು. ಟಾರ್ಚ್ ಹಾಕಿ ನೋಡಿದರೆ ಎರಡೂ ಕಣ್ಣಿನ ಪಾಪೆ ಸಮವಾಗಿದ್ದವು; ಮೆದುಳಿಗೆ ಒತ್ತಡ ಬಿದ್ದರೆ ಒಂದು ಹಿಗ್ಗುತ್ತದೆ. ಜಿಸಿಎಸ್ ಹದಿನೈದು.

ನನಗೆ ಮಾತ್ರ ನಗು ಬರಲಿಲ್ಲ, ಹೆದರಿಕೆಯಾಯಿತು. "ಮೂವತ್ತಾರಾ ರವಿ? ಮಧ್ಯಾಹ್ನ ಜಗಳ ಆಡಿದ್ರಲ್ಲ?" ಎಂದೆ.

"ನೀವ್ ಹೇಳ್ದಂಗೇ ಬುಡಿ ಸಿಸ್ಟರ್," ಎಂದು ಕಣ್ಣು ಮುಚ್ಚಿದ.

ಶಾರದಮ್ಮನ ಮುಖ ನೋಡಿದೆ. ಅವಳೂ ನಗುತ್ತಿರಲಿಲ್ಲ.

"ಸರ್, ಈಗಲೇ ಸ್ಕ್ಯಾನ್ ಮಾಡಿಸಿ," ಎಂದೆ.

"ಯಾಕೆ ಸಿಸ್ಟರ್? ಎಲ್ಲ ನಾರ್ಮಲ್ ಇದೆ. ಏಳಕ್ಕೆ ಹೇಗೂ ಇದೆಯಲ್ಲ. ಸರ್ಜನ್‌ಗೆ ಏನ್ ಹೇಳ್ಲಿ? ಪೇಷಂಟ್ ಸರಿ ಉತ್ತರ ಕೊಟ್ಟ ಅಂತಾನಾ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಚಾರ್ಟ್‌ನಲ್ಲಿ ನನ್ನ ಭಯಕ್ಕೆ ಒಂದು ಕಾಲಂ ಇರಲಿಲ್ಲ. ಹಟ ಹಿಡಿದು ಏನೂ ಇಲ್ಲದಿದ್ದರೆ ವಾರ್ಡೆಲ್ಲ ನಗುತ್ತದೆ ಎಂದೂ ಅನಿಸಿತು. ಆದರೆ ಕಡಬದ ಯಜಮಾನರ ಹದಿನೈದುಗಳು ಕಣ್ಣ ಮುಂದೆ ಬಂದವು.

"ಹೌದು ಸರ್, ಹಾಗೇ ಹೇಳಿ. ಈ ಉತ್ತರ ಇವನದ್ದಲ್ಲ. ತಪ್ಪಾದ್ರೆ ನನ್ನ ಹೆಸರು ಬರೀರಿ," ಎಂದೆ. ಅವರು ಸರ್ಜನ್‌ಗೆ ಫೋನ್ ಮಾಡಿದರು.

ನಾಲ್ಕೂವರೆಗೆ ಸ್ಕ್ಯಾನ್ ಆಯಿತು. ಬೆಳಿಗ್ಗೆ ತೆಳುವಾಗಿದ್ದ ರಕ್ತ ದಪ್ಪಗಾಗಿ, ಮೆದುಳನ್ನು ಎಡಕ್ಕೆ ತಳ್ಳುತ್ತಿತ್ತು. ಆಪರೇಷನ್ ಥಿಯೇಟರಿನ ಬಾಗಿಲು ತಲುಪುವಷ್ಟರಲ್ಲಿ ರವಿಯ ಬಲಗಣ್ಣಿನ ಪಾಪೆ ಹಿಗ್ಗತೊಡಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಆಪರೇಷನ್ ಮುಗಿಯುವವರೆಗೆ ಶಾರದಮ್ಮ ನನ್ನ ಕೈ ಹಿಡಿದು ಕೂತಿದ್ದಳು. ಅವಳು ಬಿಟ್ಟ ಮೇಲೆ ನೋಡಿದರೆ ನನ್ನ ಬೆರಳುಗಳು ಕೆಂಪಗಾಗಿದ್ದವು.

ಮೂರನೆಯ ದಿನ ರವಿಯ ಉಸಿರಾಟದ ಟ್ಯೂಬ್ ತೆಗೆದರು. ಹೆಸರು ಹೇಳಿದ. ಊರು ಹೇಳಿದ. ನನಗೆ ಸಮಾಧಾನವಾಗಲಿಲ್ಲ. ಮುಂದಿನದನ್ನು ನಾನೇ ಕೇಳಲು ಹೆದರಿ ದಿವ್ಯಾಗೆ ಸನ್ನೆ ಮಾಡಿದೆ. ಅವಳು ಬಗ್ಗಿ, "ಅಣ್ಣ, ಮೂವತ್ತಾರು ಅಲ್ವಾ?" ಎಂದಳು.

ರವಿ ಅವಳತ್ತ ತಿರುಗಿದ. ಹುಬ್ಬು ಗಂಟಿಕ್ಕಿತು. ಒಣಗಿದ ಗಂಟಲಲ್ಲಿ, ತಡೆದು ತಡೆದು, "ಎಷ್ಟ್ ಸಲ... ಹೇಳ್ಬೇಕಮ್ಮ ನಿಂಗೆ... ಮೂವತ್ತೆಂಟು!" ಎಂದು ಗದರಿದ.

ಶಾರದಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ಹೊಸ ನರ್ಸುಗಳು ಕೆಲಸದ ಬಗ್ಗೆ ಏನಾದರೂ ಹೇಳಿ ಎಂದಾಗ ಈಗಲೂ ಇದನ್ನೇ ಹೇಳುತ್ತೇನೆ: ರೋಗಿಯ ಉತ್ತರ ಸರಿಯೋ ತಪ್ಪೋ ಎಂದು ನೋಡುವ ಮೊದಲು, ಅದು ಅವನದೇ ಉತ್ತರವೇ ಎಂದು ನೋಡಿ. ಆ ಮೂರನೆಯ ದಿನ ದಿವ್ಯಾ ಚಾರ್ಟ್‌ನಲ್ಲಿ ಹದಿನೈದು ಎಂದು ಬರೆದು, ಪಕ್ಕದ ಖಾಲಿ ಜಾಗದಲ್ಲಿ ನನ್ನನ್ನು ಕೇಳದೆಯೇ ಮೂವತ್ತೆಂಟು ಎಂದೂ ಬರೆದಳು.